ಹದಿನಾಲ್ಕು ಸೂಜಿ, ಒಂದು ಹಾಳು ಕ್ಲಚ್ಚು

ಹುಚ್ಚುನಾಯಿ ನನ್ನ ಹೆಂಡತಿಗೆ ಕಚ್ಚಿದ ದಿನ ನನ್ನ ವ್ಯಾನಿನ ಕ್ಲಚ್ಚು ಸರಿಯಾಗಿಯೇ ಇತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಮ್ಮ ಊರಿನವರು ಇಂದಿಗೂ "ಮಾಸ್ತರರ ಗಾಡಿ ಹುಟ್ಟಾ ಹಾಳು" ಎಂದು ಕಟ್ಟೆಯ ಮೇಲೆ ಕೂತು ಆಡಿಕೊಳ್ಳುತ್ತಾರೆ. ಅದು ಶುದ್ಧ ಸುಳ್ಳು. ಗಾಡಿ ಚೆನ್ನಾಗಿತ್ತು, ಹಾಳು ಮಾಡಿದವರು ಬೇರೆ. ಯಾರೆಂದು ಹೇಳುವುದಕ್ಕೇ, ಮಾನ ಬಿಟ್ಟು, ನಮ್ಮ ಹಣಮಪ್ಪ ದೇವರನ್ನು ನಂಬಿದ ಎಲ್ಲರ ಮುಂದೆ ಇದನ್ನು ಬರೆಯಲು ಕೂತಿದ್ದೇನೆ.

ಹೊಸ ಮೈಸೂರು ರಾಜ್ಯವಾಗಿ ಮೂರ್ನಾಲ್ಕು ವರ್ಷ ಕಳೆದಿದ್ದ ಕಾಲ. ಸಿಂದಗಿಯಿಂದ ಬಸವನ ಬಾಗೇವಾಡಿಗೆ ಹೋಗುವ ದಾರಿಯಿಂದ ಮೂರು ಮೈಲು ಒಳಗೆ ನಮ್ಮ ಹಳ್ಳಿ. ನಾನು ಮೊದಲು ಪ್ರಾಥಮಿಕ ಶಾಲೆಯ ಮಾಸ್ತರನಾಗಿದ್ದೆ. ನನ್ನ ಸಿಟ್ಟು ಮೂಗಿನ ಮೇಲೆ. ತಪಾಸಣೆಗೆ ಬಂದ ಸಾಹೇಬರ ಜೊತೆ ಜಗಳವಾಡಿ ನೌಕರಿಗೆ ಶರಣು ಹೊಡೆದು ಬಿಟ್ಟುಬಂದೆ. ಆಮೇಲೆ ಪಾಟಿ, ಬಳಪ, ನಕಾಶೆ, ಅಂಕಲಿಪಿ ತುಂಬಿಕೊಂಡು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲೂಕುಗಳ ಶಾಲೆಗಳಿಗೆ ಮಾರುವ ಉದ್ಯೋಗ ಹಿಡಿದೆ. ಅದಕ್ಕಾಗಿ ಮಿಲಿಟರಿಯವರು ಲಿಲಾವಿನಲ್ಲಿ, ಅಂದರೆ ಹರಾಜಿನಲ್ಲಿ, ಮಾರಿದ ಒಂದು ಹಳೆಯ ವ್ಯಾನು ಕೊಂಡೆ. ಅದರ ಇಂಜಿನ್ನು ಮುಂದಿನ ಎರಡು ಸೀಟುಗಳ ನಡುವೆ, ಮೇಲೆ ತಗಡಿನ ಮುಚ್ಚಿಗೆ. ಆ ತಗಡಿನ ಹಿಂಬದಿಯಲ್ಲಿ, ಗೇರಿನ ಕೋಲಿನ ಹತ್ತಿರ, ಒಂದು ಗೇಣು ಎತ್ತರದ ಹಿತ್ತಾಳೆಯ ಹಣಮಪ್ಪನನ್ನು ನಾಲ್ಕು ಸ್ಕ್ರೂ ಹಾಕಿ ಕೂರಿಸಿದ್ದೆ. ಪ್ರತಿ ಶನಿವಾರ ಮುಂಜಾನೆ ಸ್ನಾನ ಮಾಡಿ ಅವನಿಗೆ ಒಂದು ಬಟ್ಟಲು ಕುಸುಬಿ ಎಣ್ಣೆ ಎರೆದು ಕೈಮುಗಿದೇ ಗಾಡಿ ಹೊರಡಿಸುತ್ತಿದ್ದೆ.

ಗಾಡಿ ನಡೆಸಿ ಗೊತ್ತಿಲ್ಲದವರಿಗೆ ಕ್ಲಚ್ಚು ಅಂದರೇನು ಎಂದು ಹೇಳಬೇಕು. ಎಡಗಾಲಿನಿಂದ ಒತ್ತಿದರೆ ಇಂಜಿನ್ನಿಗೂ ಚಕ್ರಕ್ಕೂ ಸಂಬಂಧ ಬಿಡುತ್ತದೆ. ಕಾಲು ಬಿಟ್ಟರೆ ಒಳಗಿನ ತಟ್ಟೆಗಳು ಒಂದನ್ನೊಂದು ಗಟ್ಟಿಯಾಗಿ ಹಿಡಿದು ಗಾಡಿ ಎಳೆಯುತ್ತದೆ. ಹಿಡಿಯದೆ ಜಾರಿದರೆ ಇಂಜಿನ್ನು ಬಾಯಿ ಬಡಿದುಕೊಳ್ಳುತ್ತದೆ, ಗಾಡಿ ನಿಂತಲ್ಲೇ ನಿಲ್ಲುತ್ತದೆ. ನಮ್ಮ ವ್ಯಾನಿಗೆ ರವಿವಾರ, ಸೋಮವಾರ ಸ್ವಲ್ಪ ಜಾರುವ ಚಟ ಇತ್ತು. ಮಂಗಳವಾರದ ಹೊತ್ತಿಗೆ ತಾನೇ ಸರಿಹೋಗುತ್ತಿತ್ತು. ಹಳೆಯ ಗಾಡಿ, ಏನೋ ವಾರದೋಷ ಎಂದು ನಾನು ತಲೆ ಕೆಡಿಸಿಕೊಂಡಿರಲಿಲ್ಲ.

ಮಾಘ ಮಾಸದ ಒಂದು ಮಂಗಳವಾರ ಸಂಜೆ ನನ್ನ ಹೆಂಡತಿ ಗೋದಾವರಿ ಹಿತ್ತಲಿಗೆ ಒಲೆಗೆ ಸಗಣಿಯ ಕುಳ್ಳು ತರಲು ಹೋದಾಗ ಒಂದು ಕಂದು ನಾಯಿ ಬಂದು ಕಾಲಿನ ಮೀನಖಂಡಕ್ಕೆ ಬಾಯಿ ಹಾಕಿತು. ಅದೇ ನಾಯಿ ಆಚೆ ಓಣಿಯಲ್ಲಿ ಒಂದು ಕರುವಿಗೂ ಕಚ್ಚಿ, ಬಾಯಲ್ಲಿ ನೊರೆ ಸುರಿಸುತ್ತ ಓಡಾಡಿ, ಕತ್ತಲಾಗುವುದರೊಳಗೆ ಜನರ ಬಡಿಗೆಗೆ ಸತ್ತಿತು. ಹುಚ್ಚುನಾಯಿ ಎನ್ನುವುದರಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ. ಹತ್ತಿರದಲ್ಲೆಲ್ಲೂ ಔಷಧಿ ಸಿಗದೆ, ಬಾಗೇವಾಡಿಯಲ್ಲಿ ಒಬ್ಬ ಡಾಕ್ಟರರ ಹತ್ತಿರ ಇದೆ ಎಂದು ಗೊತ್ತಾಗಿ ಬುಧವಾರ ಅಲ್ಲಿಗೆ ಕರೆದುಕೊಂಡು ಹೋದೆ. ಡಾಕ್ಟರು ಗಾಯ ತೊಳೆದು ಹೇಳಿದರು:

"ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ ಮಾಸ್ತರ. ದಿನಕ್ಕೊಂದು. ನಡುವ ಒಂದು ದಿನಾನೂ ತಪ್ಪಬಾರದು. ತಪ್ಪಿತು ಅಂದ್ರ ಆಮ್ಯಾಲ ನನ್ನ ಕಡೆ ಬಂದು ಅಳಬ್ಯಾಡ್ರಿ."

ಹಾಗಾದರೆ ಹದಿನಾಲ್ಕು ದಿನ ಬಾಗೇವಾಡಿಯಲ್ಲೇ ಉಳಿಯಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. ಆದರೆ ನಮ್ಮ ಅವ್ವ ಲಕ್ವ ಹೊಡೆದು ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಳು. ಅವಳು ಊಟ ಮಾಡುವುದು ಗೋದಾವರಿ ಮಡಿಯಲ್ಲಿ ಮಾಡಿ ತನ್ನ ಕೈಯಾರೆ ಉಣಿಸಿದರೆ ಮಾತ್ರ. ಬೇರೆಯವರು ತುತ್ತು ಹಿಡಿದರೆ ಗೋಡೆಯ ಕಡೆ ಮುಖ ತಿರುವಿ ಮಲಗುವಳು. "ನಾನು ಸೂಜಿ ತಪ್ಪಿಸಿ ಸತ್ರೂ ಒಂದು, ಅವರು ಉಪವಾಸ ಬಿದ್ದು ಸತ್ರೂ ಒಂದು. ದಿನಾ ಹೋಗಿ ದಿನಾ ಬರೋಣ" ಎಂದು ಗೋದಾವರಿ ತೀರ್ಮಾನ ಕೊಟ್ಟಳು. ಬಸ್ಸು ಮುಂಜಾನೆ ಒಂದೇ. ಅದರಲ್ಲಿ ಹೋದರೆ ತಿರುಗಿ ಬರುವುದು ಮರುದಿನ. ಉಳಿದದ್ದು ನನ್ನ ವ್ಯಾನು. ಹೋಗಲು ಇಪ್ಪತ್ತು ಮೈಲು, ಬರಲು ಇಪ್ಪತ್ತು, ನಡುವೆ ಡೋಣಿ ಹೊಳೆ. ಹೊಳೆಯಲ್ಲಿ ಆ ಕಾಲದಲ್ಲಿ ಮೊಣಕಾಲು ನೀರೂ ಇಲ್ಲ, ಆದರೆ ಬಾಗೇವಾಡಿ ಕಡೆಯ ದಂಡೆ ಮಾತ್ರ ಕಡಿದಾದ ಎರೆಮಣ್ಣಿನ ದಿಬ್ಬ.

ಆ ಬುಧವಾರವೇ ಹಣಮಪ್ಪನ ಮುಂದೆ ಹರಕೆ ಹೊತ್ತೆ. "ಒಂದು ಸೂಜಿಯೂ ತಪ್ಪದಂತೆ ನಡೆಸು ಸ್ವಾಮಿ. ಶನಿವಾರ ಒಂದೇ ಅಲ್ಲ, ಹದಿನಾಲ್ಕೂ ದಿನ ಹೊರಡುವ ಮುಂಚೆ ನಿನಗೆ ಎಣ್ಣೆ ಎರೆಯುತ್ತೇನೆ." ಇದಕ್ಕಿಂತ ಹೆಚ್ಚು ನಾನೇನೂ ಕೇಳಲಿಲ್ಲ.

ಮೂರನೆಯ ದಿನ ಕ್ಲಚ್ಚು ಜಾರಲು ಶುರುವಾಯಿತು. ನಾಲ್ಕನೆಯ ದಿನ ಶನಿವಾರ, ಎರಡು ಬಟ್ಟಲು ಎಣ್ಣೆ ಎರೆದೆ. ಐದನೆಯ ದಿನ ಡೋಣಿ ದಿಬ್ಬವನ್ನು ಮುಂದಿನ ಗೇರಿನಲ್ಲಿ ಏರಲಾರದೆ, ಗಾಡಿ ತಿರುಗಿಸಿ, ಎಳೆತ ಹೆಚ್ಚಿರುವ ಹಿಂದಿನ ಗೇರಿನಲ್ಲಿ, ಕುತ್ತಿಗೆ ಹೊರಳಿಸಿಕೊಂಡು ಏರಿಸಿದೆ. ದನ ಕಾಯುವವರು ಬಿದ್ದು ಬಿದ್ದು ನಕ್ಕರು. ಆರನೆಯ ದಿನ ಭಾರ ಕಡಿಮೆಯಾಗಲೆಂದು ಗೋದಾವರಿಯನ್ನು ಇಳಿಸಬೇಕಾಯಿತು. ಹೊಟ್ಟೆಯ ಮೇಲೆ ಐದು ಸೂಜಿಯ ಗಡ್ಡೆ, ಕಾಲಲ್ಲಿ ನಾಯಿಯ ಗಾಯ, ಮೈಯಲ್ಲಿ ಸಣ್ಣ ಜ್ವರ. ಆ ಹೆಂಗಸು ಸೀರೆ ಎತ್ತಿ ಹಿಡಿದು ದಿಬ್ಬ ಹತ್ತುವುದನ್ನು ಕನ್ನಡಿಯಲ್ಲಿ ನೋಡುತ್ತ ನಾನು ಗಾಡಿಯನ್ನೂ ಅದನ್ನು ಲಿಲಾವಿನಲ್ಲಿ ಕೂಗಿದವನನ್ನೂ ಬಾಯಿಗೆ ಬಂದಂತೆ ಬೈದೆ.

ಮೇಲೆ ಬಂದು ಕೂತವಳೇ ಸೆರಗಿನಿಂದ ಮೂಗು ಮುಚ್ಚಿದಳು. "ಏನೋ ಕರಿದ ವಾಸನಿ ಬರ್ಲಿಕತ್ತದ ನೋಡ್ರಿ."

"ಅದು ಕ್ಲಚ್ ಸುಡೂ ವಾಸನಿ. ನಿನಗ ಎಲ್ಲಾ ಕಡೆ ಅಡಿಗಿಮನಿನೇ ನೆನಪಾಗ್ತದ. ಸುಮ್ಮ ಕೂಡು" ಎಂದೆ. 

ಏಳನೆಯ ಸೂಜಿ ಮುಗಿಸಿ, ಅವಳನ್ನು ಮನೆಗೆ ಬಿಟ್ಟು, ಕುಂಟುತ್ತ ಕುಂಟುತ್ತ ಗಾಡಿಯನ್ನು ಸಿಂದಗಿಗೆ ಒಯ್ದು ಲಾಲಸಾಬನ ಮುಂದೆ ನಿಲ್ಲಿಸಿದೆ. ಲಾಲಸಾಬ ಬಸ್ ಸ್ಟ್ಯಾಂಡಿನ ಹಿಂದೆ ಬೇವಿನ ಗಿಡದ ಕೆಳಗೆ ಲಾರಿ, ವ್ಯಾನು ರಿಪೇರಿ ಮಾಡುವವನು. ಕೈ ಬಂಗಾರದಂಥದು, ಬಾಯಿ ಮಾತ್ರ ನನ್ನಂಥದೇ.

"ಮಾಸ್ತರ್ರ, ಮೊದ್ಲ ಕಾಲ ತಗೀರಿ ಕ್ಲಚ್ಚಿನ ಮ್ಯಾಲಿಂದ. ಅದೇನು ಕಾಲಿಟ್ಟು ಕೂಡೂ ಮಣಿ ಅಂತ ತಿಳದೀರೇನು?"

"ನಾ ಕಾಲಿಟ್ಟಿಲ್ಲೋ ಮಾರಾಯಾ!"

"ಎಲ್ಲಾರೂ ಹಂಗ ಅಂತಾರ್ರಿ. ಪ್ಲೇಟ್ ತಗದು ನೋಡಿದ್ರ ಖರೇ ಗೊತ್ತಾಗತೈತಿ."

ಹಣಮಪ್ಪನ ಸಮೇತ ತಗಡನ್ನು ಎತ್ತಿ, ಕೈ ಒರೆಸಿಕೊಂಡು, ಭಕ್ತಿಯಿಂದ ಒಂದು ತೊಳೆದ ಗೋಣಿಚೀಲದ ಮೇಲೆ ದೂರ ಇಟ್ಟ. ದೇವರಿರುವ ವಸ್ತುವನ್ನು ಹೊರಳಿಸಿ ನೋಡುವವನಲ್ಲ ಅವನು. ಆಮೇಲೆ ಕೆಳಗೆ ಹೊಕ್ಕು, ಗೇರ್ ಪೆಟ್ಟಿಗೆ ಇಳಿಸಿ, ಪ್ಲೇಟು ಹೊರಗೆ ತಂದ. ಅದು ಎಣ್ಣೆಯಲ್ಲಿ ನೆಂದು ಕಪ್ಪಾಗಿ ಮಿಂಚುತ್ತಿತ್ತು. "ನೋಡ್ರಿ, ಇಂಜಿನ್ನಿನ ಹಿಂದಿನ ಸೀಲ ಹೋಗೇತಿ. ಇಂಜಿನ್ ಎಣ್ಣಿ ಇದಕ್ಕ ಇಳದೈತಿ. ನಾಳೆ ಸಂಜಿಗೆ ಹೊಸಾದು ಹಾಕಿ ಕೊಡ್ತೇನಿ." ಸೀಲಿನ ಮೇಲೆ ಅವನು ಹೊರಿಸಿದ ಅಪವಾದವನ್ನು ನಾನು ಪೂರಾ ನಂಬಿದೆ.

ಎಂಟನೆಯ ದಿನಕ್ಕೆ ಗಾಡಿ ಇಲ್ಲ. ಆಗ ನೆನಪಾದವನು ಗೋದಾವರಿಯ ತಮ್ಮ ಶೇಷಗಿರಿ. ಅವನು ಸಿಂದಗಿಯಲ್ಲಿ ಬೀಡುಬಿಟ್ಟಿದ್ದ ಒಬ್ಬ ಸರ್ವೆ ಸಾಹೇಬರ ಡ್ರೈವರು. ಸಾಹೇಬರು ಪುಣೆಗೆ ರಜೆಯ ಮೇಲೆ ಹೋಗಿದ್ದರು. ಅವರದು ಪರದೇಶದ ಕಾರು, ನಮ್ಮ ಹಳ್ಳಿಯ ಅಗಸಿ ಬಾಗಿಲಲ್ಲಿ ತೂರುವುದೇ ಕಷ್ಟ, ಅಷ್ಟು ಅಗಲ. ಆ ಕಾರಿಗೆ ಕ್ಲಚ್ಚೇ ಇಲ್ಲ! ಗೇರೂ ತಾನೇ ಬದಲಾಗುತ್ತದೆ. ಸಾಹೇಬರನ್ನು ಕೇಳದೆಯೇ ಅಕ್ಕನ ಜೀವಕ್ಕಾಗಿ ಆ ಕಾರು ತಂದ, ಆ ಉಪಕಾರ ನಾನು ಮರೆಯುವುದಿಲ್ಲ. ಆದರೆ ಅವನ ಬಾಯಿ! ಇಪ್ಪತ್ತು ಮೈಲೂ ಬಡಾಯಿ.

"ಭಾವಾ, ನಿಮ್ಮ ಎಡಗಾಲಿಗೆ ಇನ್ನ ಪೆನ್ಶನ್ ಕೊಟ್ಟುಬಿಡ್ರಿ. ಇದರೊಳಗ ಅದಕ್ಕ ಕೆಲಸಾನೇ ಇಲ್ಲ. ಇದರೊಳಗ ಎಣ್ಣೀನೇ ಕ್ಲಚ್ಚು. ಎಣ್ಣಿ ತಿರಗತದ, ಗಾಡಿ ಹೋಗ್ತದ. ಎಣ್ಣಿ ಮಹಿಮಾ!"

ಡೋಣಿ ದಿಬ್ಬವನ್ನು ಆ ಕಾರು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಏರಿತು. ನನ್ನ ಹೊಟ್ಟೆ ಉರಿಯಿತು. ದೇವರೇ, ನನಗೂ ಇಂಥದೊಂದು ಕೊಡಬಾರದಿತ್ತೇ ಎಂದುಕೊಂಡೆ. ಸೂಜಿ ಹಾಕಿಸಿ ತಿರುಗಿ ಬರುವಾಗ ಹೊಳೆಯ ದಂಡೆಯಲ್ಲಿ ಗೋದಾವರಿಗೆ ವಾಂತಿ ಬಂದಂತಾಯಿತು ಎಂದು ಶೇಷಗಿರಿ ಇಂಜಿನ್ನು ನಿಲ್ಲಿಸಿದ. ಮತ್ತೆ ಶುರು ಮಾಡಿದರೆ ಬ್ಯಾಟರಿ ಸತ್ತಿತ್ತು. ಅದಕ್ಕೇನು, ನೂಕಿದರಾಯಿತು ಎಂದು ನಾನು ದಾರಿಯಲ್ಲಿ ಹೊರಟಿದ್ದ ಎತ್ತಿನ ಚಕ್ಕಡಿಯವರನ್ನು ಕರೆದೆ. ಎಂಟು ಜನ ಹೆಗಲು ಕೊಟ್ಟು ನೂಕಿದರು. ಇಂಜಿನ್ನು ಸೊಲ್ಲೆತ್ತಲಿಲ್ಲ. ಇನ್ನೊಮ್ಮೆ ನೂಕಿದರು. ಇಲ್ಲ.

ಶೇಷಗಿರಿ ತಲೆ ಕೆರೆದುಕೊಂಡ. "ಇದು... ನೂಕಿದ್ರ ಶುರು ಆಗಂಗಿಲ್ಲ ಭಾವಾ. ಕ್ಲಚ್ ಇದ್ದ ಗಾಡಿ ಆದ್ರ ಆಗ್ತಿತ್ತು."

"ಎಂಟು ಮಂದಿ ಬೆನ್ನು ಮುರಿದ ಮ್ಯಾಲ ಹೇಳ್ತಿಯಲ್ಲೋ ಶಾಣ್ಯಾ!" ಎಂದೆ. ಕಡೆಗೆ ಅವನನ್ನೂ ಕಾರನ್ನೂ ಅಲ್ಲೇ ಬಿಟ್ಟು ಒಬ್ಬರ ಚಕ್ಕಡಿಯಲ್ಲಿ ಮನೆ ಸೇರಿದೆವು. ಅವ್ವ ಮುಂಜಾನೆಯಿಂದ ಒಂದು ಗುಟುಕು ಗಂಜಿ ಕುಡಿದಿರಲಿಲ್ಲ. ನಮ್ಮನ್ನು ನೋಡಿ, "ಊರೆಲ್ಲಾ ತಿರಗಿ ಬಂದ್ರೇನು?" ಎಂದು ಅತ್ತಳು. ಗೋದಾವರಿ ಸೀದಾ ಸ್ನಾನಕ್ಕೆ ಹೋದಳು.

ಒಂಬತ್ತನೆಯ ದಿನ ಲಾಲಸಾಬನಿಂದ ಬಂದ ವ್ಯಾನು ಬಾಣದಂತೆ ಹೋಯಿತು. ನನಗೆ ಎಷ್ಟು ಸಂತೋಷವಾಯಿತೆಂದರೆ, ಮನೆಗೆ ಬಂದವನೇ ಹಿಂದಿನ ದಿನ ತಪ್ಪಿದ ಬಟ್ಟಲನ್ನೂ ಸೇರಿಸಿ ಹಣಮಪ್ಪನಿಗೆ ಎರೆದೆ. ಹತ್ತನೆಯ ದಿನ ಮತ್ತೆ ಜಾರಿತು. ಹನ್ನೊಂದನೆಯ ದಿನ, ಶನಿವಾರ, ಜಾರಿದ್ದು ಹೇಳಬಾರದು. ಹೇಗೋ ಹಿಂದುಹಿಂದಾಗಿ ಏರಿಸಿ ಹೋಗಿ ಬಂದೆ. ಲಾಲಸಾಬನ ಮೇಲೆ ಕೆಂಡದಂಥ ಸಿಟ್ಟು ಬಂತು. ಆದರೆ ಅವನ ಹತ್ತಿರ ಇನ್ನೊಮ್ಮೆ ಒಯ್ದರೆ ಒಂದೂವರೆ ದಿನ ಗಾಡಿ ಇಲ್ಲ. ಸಾಹೇಬರೂ ಪುಣೆಯಿಂದ ಬಂದಿದ್ದರು. ಉಳಿದದ್ದು ಮೂರು ಸೂಜಿ. ಹಣಮಪ್ಪನೇ ಗತಿ ಎಂದು ರವಿವಾರ ಮುಂಜಾನೆ ಮೂರು ಬಟ್ಟಲು ಎರೆದು, ಎಣ್ಣೆಯ ಡಬ್ಬಿಯನ್ನೂ ಗಾಡಿಯಲ್ಲೇ ಇಟ್ಟುಕೊಂಡು ಹೊರಟೆ.

ರವಿವಾರ ಡಾಕ್ಟರು ಕೂಡುವುದು ಮಧ್ಯಾಹ್ನ ಒಂದು ಗಂಟೆಯ ತನಕ. ಆಮೇಲೆ ಊರಿಗೆ ಹೊರಟುಬಿಡುತ್ತಾರೆ ಎಂದು ಕಂಪೌಂಡರ್ ಮೊದಲೇ ಹೇಳಿದ್ದ. ನಾವು ಡೋಣಿಗೆ ಬಂದಾಗ ಹನ್ನೊಂದೂಕಾಲು. ನೀರು ದಾಟಿ ದಿಬ್ಬಕ್ಕೆ ಮುಖ ಮಾಡಿದೆ. ಕಾಲು ಭಾಗ ಏರಿ ಗಾಡಿ ನಿಂತಿತು. ಇಂಜಿನ್ನು ಹುಚ್ಚೆದ್ದು ಒದರುತ್ತಿದೆ, ಚಕ್ರ ಕದಲದು. ಬ್ರೇಕು ಬಿಟ್ಟರೆ ಹಿಂದಕ್ಕೆ ಜಾರುತ್ತದೆ. ತಿರುಗಿಸಿ ಹಿಂದಿನ ಗೇರಿನಲ್ಲಿ ಹಾಕಿದೆ, ಅದೂ ಇಲ್ಲ. ಗೋದಾವರಿ ಇಳಿದಳು; ಇಲ್ಲ. ಮತ್ತೆ ದಿಬ್ಬಕ್ಕೆ ಮುಖ ಮಾಡಿ ನಿಲ್ಲಿಸಿ ಸಾಮಾನೆಲ್ಲ ಇಳಿಸಿದೆ, ಇಲ್ಲ. ತಗಡಿನ ಸಂದಿಯಿಂದ ನೀಲಿ ಹೊಗೆ ಎದ್ದಿತು. ಇನ್ನೂ ಏಳು ಮೈಲು ದಾರಿ. ಅವಳಿಗೆ ಜ್ವರ, ನಡೆಯುವ ಮಾತೇ ಇಲ್ಲ. ರವಿವಾರ ಬಸ್ಸಿಲ್ಲ. ಚಕ್ಕಡಿ ಸಿಕ್ಕರೂ ಒಂದು ಗಂಟೆ ಹೊಡೆಯುವುದರೊಳಗೆ ಮುಟ್ಟುವುದಿಲ್ಲ.

ನಾನು ಗಾಡಿಯಿಂದ ಇಳಿದು ಆ ಹಿತ್ತಾಳೆಯ ಮೂರ್ತಿಯ ಮುಂದೆ ನಿಂತು ಒದರಿದೆ. ನಾಚಿಕೆಯಾಗುತ್ತದೆ, ಆದರೂ ಇದ್ದದ್ದು ಇದ್ದಂತೆ ಬರೆಯುತ್ತೇನೆ. "ಏ ಹಣಮಪ್ಪಾ! ಸಂಜೀವಿನಿಗೆ ಅಂತ ಗುಡ್ಡಾನೇ ಕಿತಗೊಂಡು ಹಾರಿದಾವ ನೀನು. ನನ್ನ ಗಾಡಿ ಒಂದು ದಿಬ್ಬ ಏರಸಲಿಕ್ಕೆ ಆಗೂದಿಲ್ಲೇನು? ಹನ್ನೆರಡು ದಿನದಿಂದ ಎಣ್ಣಿ ಕುಡಸ್ಲಿಕತ್ತೇನಿ. ಇನ್ನೂ ಸಾಲದೇನು ನಿನಗ? ತಗೋ, ಎಲ್ಲಾ ತಗೋ! ಆದ್ರ ಇವತ್ತ ಒಂದು ದಾರಿ ತೋರಸು!" ಎಂದು ಡಬ್ಬಿಯ ಬಿರಡೆ ಕಿತ್ತು ಪೂರಾ ಸುರಿಯಲು ಕೈ ಎತ್ತಿದೆ.

ಗೋದಾವರಿ ನನ್ನ ಮಣಿಕಟ್ಟು ಹಿಡಿದಳು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಪೂಜೆಗೆ ಎತ್ತಿದ ನನ್ನ ಕೈಯನ್ನು ಅವಳು ಹಿಡಿದದ್ದು ಅದೇ ಮೊದಲು.

"ತಡೀರಿ. ನಿಮ್ಮ ಇಂಜಿನ್ನಿಗೆ ಯಾವ ಎಣ್ಣಿ ಹಾಕ್ತೀರಿ?"

"ಇಂಜಿನ್ ಎಣ್ಣಿ. ಮತ್ತೇನು ತುಪ್ಪಾ ಹಾಕ್ತಾರೇನು?"

"ಹಂಗಾದ್ರ ಈ ಹೊಗಿ ಇಂಜಿನ್ನಿಂದಲ್ಲ. ಇದು ಕುಸುಬಿ ಎಣ್ಣಿ. ಬಾಣಲಿಯೊಳಗಿನಂಗ ಕಾದು ಕಾದು ಕಮರಿದ ಕುಸುಬಿ ಎಣ್ಣಿ. ವಾರದ ಹಿಂದನ ಹೇಳಿದೆ, ಬಾಯಿ ಮುಚ್ಚಿಸಿದ್ರಿ. ಒಲಿ ಮುಂದ ಕೂತು ಅರ್ಧಾ ಆಯುಷ್ಯ ಕಳದಾಕಿಗೆ ನೀವು ಎಣ್ಣಿ ವಾಸನಿ ಕಲಸಬ್ಯಾಡ್ರಿ. ಆ ತಗಡ ಎತ್ತಿ ನೋಡ್ರಿ ಮೊದ್ಲ."

 ತಗಡನ್ನು ಎತ್ತಿ ಹಿಡಿದು ಬಗ್ಗಿ ನೋಡಿದೆ. ಹಣಮಪ್ಪನನ್ನು ಕೂರಿಸಲು ನಾನೇ ಕೊರೆದ ನಾಲ್ಕು ತೂತುಗಳಿಂದ ನಾಲ್ಕು ಹನಿ ಎಣ್ಣೆ ಜೋತಾಡುತ್ತಿದ್ದವು. ಅದರ ನೇರ ಕೆಳಗೆ ಕ್ಲಚ್ಚಿನ ಪೆಟ್ಟಿಗೆ. ಅದರ ನೆತ್ತಿಯಲ್ಲಿ ಒಳಗೆ ನೋಡಲೆಂದು ಬಿಟ್ಟ ಅಂಗೈಯಗಲದ ಕಿಂಡಿ. ಕಿಂಡಿಗೆ ಇರಬೇಕಾದ ಮುಚ್ಚಳ ಮಿಲಿಟರಿಯವರ ಕಾಲಕ್ಕೇ ಕಳೆದಿತ್ತು. ನಾನು ನೋಡುತ್ತಿದ್ದಂತೆ ಒಂದು ಹನಿ ಟಪ್ಪೆಂದು ಸೀದಾ ಕಿಂಡಿಯೊಳಗೆ ಬಿತ್ತು.

ಶನಿವಾರ ಎರೆದರೆ ರವಿವಾರ ಜಾರಿದ್ದೇಕೆ, ದಿನಾ ಎರೆದಾಗ ದಿನಾ ಜಾರಿದ್ದೇಕೆ, ಎರೆಯದ ಮರುದಿನ ಬಾಣದಂತೆ ಹೋದದ್ದೇಕೆ, ಎಲ್ಲ ಒಮ್ಮೆಲೇ ತಿಳಿಯಿತು. ಲಾಲಸಾಬನ ತಪ್ಪಲ್ಲ, ಸೀಲಿನ ತಪ್ಪಲ್ಲ, ಗಾಡಿಯ ತಪ್ಪಲ್ಲ. ಹೆಂಡತಿಯ ಜೀವ ಉಳಿಸು ಎಂದು ಬೇಡಿಕೊಂಡು, ಅವಳನ್ನು ಉಳಿಸುವ ಗಾಡಿಗೆ ನನ್ನ ಕೈಯಾರೆ ದಿನಾ ವಿಷ ಹಾಕುತ್ತ ಬಂದಿದ್ದೆ. ಗಾಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ.

"ಕೂತ್ರ ಆಗ್ತದೇನು?" ಎಂದಳು ಗೋದಾವರಿ. "ಎಣ್ಣಿ ಚೆಲ್ಲಿದ್ರ ಮನ್ಯಾಗ ಏನ್ ಹಾಕ್ತೇವಿ? ಬೂದಿ ಹಾಕ್ತೇವಿ. ಏಳ್ರಿ."

ದಿಬ್ಬದ ಪಕ್ಕದ ಹೊಲದಲ್ಲಿ ಒಂದು ಒಕ್ಕಲಿಗರ ಮನೆಯವರು ಕುಳ್ಳಿನ ಕೆಂಡದಲ್ಲಿ ಹಸಿ ಜೋಳದ ತೆನೆ ಸುಟ್ಟು ಸೀತನಿ ಮಾಡುತ್ತಿದ್ದರು. ಹಿಂದಿನ ದಿನದ ಕುಣಿಯಲ್ಲಿ ತಣ್ಣಗಿನ ಬಿಳಿ ಬೂದಿ ಮೊಣಕೈ ಮಟ್ಟ ತುಂಬಿತ್ತು. ಗೋದಾವರಿ ಓಡುತ್ತಲೇ ಹೋದಳು, ಜ್ವರ ಮರೆತು. ಆ ಮನೆಯ ಹಿರಿಯ ಹೆಂಗಸು ಬುಟ್ಟಿ ಕೊಟ್ಟು ನಕ್ಕಳು.

"ತಗೋರಿ ಬಾಯಾರ, ಬೇಕಾದಷ್ಟ ತಗೋರಿ. ಸೀತನಿ ಬಿಟ್ಟು ಬೂದಿ ಕೇಳಿದವ್ರು ನೀವ ಮೊದ್ಲನೇದವ್ರು!"

ಪರರ ಮನೆಯ ನೀರು ಮುಟ್ಟದ, ಬಾಗೇವಾಡಿಯಿಂದ ಬಂದ ಕೂಡಲೇ ತಲೆಯ ಮೇಲೆ ತಣ್ಣೀರು ಸುರಿದುಕೊಳ್ಳುತ್ತಿದ್ದ ನನ್ನ ಹೆಂಡತಿ ಆ ಕುಣಿಯಲ್ಲಿ ಮಂಡಿಯೂರಿ ಕೂತು, ಸೆರಗಿನಲ್ಲಿ ಬೂದಿ ಸೋಸಿ, ಹರಳು ತೆಗೆದು, ಬುಟ್ಟಿ ತುಂಬಿದಳು. "ನಿನ್ನ ಮಡಿ?" ಎಂದೆ. "ಮಡಿ ಮನಿಗೆ ಹೋದ ಮ್ಯಾಲ. ನೀವು ಕ್ಲಚ್ ಒತ್ರಿ" ಎಂದಳು.

ಇಂಜಿನ್ನು ಸಣ್ಣಗೆ ಇಟ್ಟು ಎಡಗಾಲಿನಿಂದ ಕ್ಲಚ್ಚು ಒತ್ತಿ ಹಿಡಿದೆ, ತಟ್ಟೆಗಳ ನಡುವೆ ಸಂದಿಯಾಗಲಿ ಎಂದು. ಅವಳು ಹೊರಗೆ ನಿಂತು, ಬಾಗಿಲಿಂದ ಬಗ್ಗಿ, ಕಿಂಡಿಯೊಳಗೆ ಮುಷ್ಟಿ ಮುಷ್ಟಿ ಬೂದಿ ಒಗೆದಳು. ಒಳಗೆ ತಿರುಗುವ ಇಂಜಿನ್ನಿನ ಚಕ್ರ ಅರ್ಧ ಬೂದಿಯನ್ನು ತಿರುಗಿ ನಮ್ಮ ಮುಖಕ್ಕೇ ಎರಚಿತು. ಕಣ್ಣು ಕಾಣದು, ಕೆಮ್ಮು ನಿಲ್ಲದು. ಕಾಲು ಬಿಟ್ಟೆ, ಜಾರಿತು. "ಮತ್ತ ಒತ್ರಿ!" ಮತ್ತೆ ಒಗೆದಳು. ಕಾಲು ಬಿಟ್ಟೆ, ಗಾಡಿ ಒಮ್ಮೆ ಝಲ್ಲೆಂದು ಅಲುಗಿ ನಿಂತಿತು. ಬುಟ್ಟಿಯಲ್ಲಿ ಉಳಿದದ್ದನ್ನೆ‌ಲ್ಲ ಬಳಿದು ಹಾಕಿದಳು. "ಹಣಮಪ್ಪಾ" ಎಂದು ಮೆಲ್ಲನೆ ಕಾಲು ಎತ್ತಿದೆ. ಹಿಡಿಯಿತು! ಗಾಡಿ ಗಡಗಡ ನಡುಗಿ, ಮುಂದಕ್ಕೆ ಹಾರಿ, ಹೊಗೆಯನ್ನೂ ಬೂದಿಯನ್ನೂ ಉಗುಳುತ್ತ ದಿಬ್ಬ ಏರಿತು. ನಿಲ್ಲಿಸಲು ಧೈರ್ಯ ಸಾಲದೆ ನಾನು ಏರಿನ ಮೇಲೂ ನಡೆಸುತ್ತಲೇ ಇದ್ದೆ. ಆ ಒಕ್ಕಲಿಗರ ಮಕ್ಕಳು ಗೋದಾವರಿಯನ್ನು ನೂಕಿ ಓಡುವ ಗಾಡಿಯಲ್ಲಿ ಹತ್ತಿಸಿದರು. ಇಳಿಸಿದ ಪಾಟಿ, ಬಳಪಗಳನ್ನು ಅಲ್ಲೇ ಬಿಟ್ಟು ಹೋದೆವು.

ಆಸ್ಪತ್ರೆಯ ಬಾಗಿಲಲ್ಲಿ ಡಾಕ್ಟರು ಚೀಲ ಹಿಡಿದು ನಿಂತಿದ್ದರು. ಹನ್ನೆರಡು ಮುಕ್ಕಾಲಾಗಿತ್ತು. ನಮ್ಮಿಬ್ಬರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಏನ್ ಮಾಸ್ತರ, ಇಬ್ಬರೂ ಕೂಡೇ ಸನ್ಯಾಸ ತಗೊಂಡ್ರೇನು?" ಎಂದರು. ಕಂಪೌಂಡರ್ ಹಿಂದಿನಿಂದ, "ಬಸವಣ್ಣನ ಊರಿಗೆ ಹನ್ನೆರಡು ದಿನ ಬಂದಾರ್ರಿ ಸಾಹೇಬ್ರ, ವಿಭೂತಿ ಹಚ್ಚಲಾರದ ಬಿಟ್ಟೀತೇನು?" ಎಂದ. ನಮ್ಮದು ಗೋಪೀಚಂದನ ಹಚ್ಚುವ ವೈಷ್ಣವ ಮನೆತನ. ಅವ್ವ ನೋಡಿದ್ದರೆ ಏನನ್ನುತ್ತಿದ್ದಳೋ! ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಹನ್ನೆರಡನೆಯ ಸೂಜಿ ಬಿತ್ತು.

ಹದಿಮೂರು, ಹದಿನಾಲ್ಕೂ ಬಿದ್ದವು. ಆ ಎರಡು ದಿನ ಹಣಮಪ್ಪನಿಗೆ ಎಣ್ಣೆಯಿಲ್ಲ. ಒಂದು ತುಳಸಿಯ ಎಲೆ ಏರಿಸಿ ಹೊರಟೆ. ಗಾಡಿಯ ಎಡಬಲ ಬೂದಿಯ ಬುಟ್ಟಿ. ಕ್ಲಚ್ಚು ಕರಕರ ಅನ್ನುತ್ತಿತ್ತು, ಆದರೆ ಜಾರಲಿಲ್ಲ. ಮುಗಿದ ಮೇಲೆ ಲಾಲಸಾಬನ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವನು ಪ್ಲೇಟು ಬಿಚ್ಚಿ ನೋಡಿ ತಲೆ ಚಚ್ಚಿಕೊಂಡ. "ಬೂದಿ ಹಾಕಿದ್ರ ಬೇರಿಂಗ್ ತಿಂದು ಹಾಕತೈತ್ರಿ, ತಿಂದೂ ಹಾಕೇತಿ. ಆದ್ರ ನಿಮ್ಮ ಮನಿ ಬಾಯಾರು ಅವತ್ತ ಅದನ್ನ ಹಾಕಿರಲಿಲ್ಲಂದ್ರ ನೀವು ಡೋಣ್ಯಾಗ ಕುಂತಿರತಿದ್ರಿ. ನಾ ಇಪ್ಪತ್ತ ವರ್ಷದ ಮಿಸ್ತ್ರಿ, ನನಗ ತಿಳೀಲಿಲ್ಲ ನೋಡ್ರಿ." ನಾನು ಅವನನ್ನು ಮನಸ್ಸಿನಲ್ಲೇ ಬೈದದ್ದಕ್ಕೆ ಕ್ಷಮೆ ಕೇಳಿದೆ. ಅವನು ಕಿಂಡಿಗೆ ತಗಡಿನ ಮುಚ್ಚಳ ಮಾಡಿ ಕೂರಿಸಿದ, ಕೂಲಿ ಬೇಡವೆಂದ.

ಇದರಲ್ಲಿ ದೇವರ ಕೃಪೆ ಎಲ್ಲಿ ಬಂತು ಮಾಸ್ತರ, ನಿಮ್ಮ ತಪ್ಪು ನಿಮ್ಮ ಹೆಂಡತಿ ತಿದ್ದಿದಳು ಅಷ್ಟೇ ತಾನೆ, ಎಂದು ಶೇಷಗಿರಿಯಂಥವರು ಕೇಳುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟೇ. ನಾನು ಬೇಡಿದ್ದು ಒಂದು ಸೂಜಿಯೂ ತಪ್ಪಬಾರದು ಎಂದು. ತಪ್ಪಲಿಲ್ಲ. ಆ ದಿಬ್ಬದ ಮೇಲೆ ದಾರಿ ತೋರಿಸು ಎಂದು ಒದರಿದೆ. ಮಾತು ಬಾಯಿಂದ ಬಿದ್ದ ಗಳಿಗೆಯಲ್ಲೇ ನನ್ನ ಕೈಯನ್ನು ಒಂದು ಕೈ ಹಿಡಿಯಿತು. ಅದು ಹಣಮಪ್ಪನ ಕೈ ಎಂದು ನಾನು ನಂಬಿದ್ದೇನೆ. ಗೋದಾವರಿ ಮಾತ್ರ ಒಪ್ಪುವುದಿಲ್ಲ. "ಬೂದಿ ಹೊತ್ತಾಕಿ ನಾ, ಹೆಸರು ಅವನಿಗೆ!" ಎನ್ನುತ್ತಾಳೆ. ಹಾಗೆನ್ನುತ್ತಲೇ ಅವನಿಗೇ ಮೊದಲು ದೀಪ ಹಚ್ಚುತ್ತಾಳೆ.

ಒಂದು ಮಾತನ್ನು ಇಲ್ಲಿಯವರೆಗೆ ಬರೆಯಲಿಲ್ಲ, ಧೈರ್ಯ ಸಾಲಲಿಲ್ಲ. ಹುಚ್ಚುನಾಯಿಯ ವಿಷ ಏರಿದವರು ನೀರು ಕಂಡರೆ ಅಂಜಿ ಚೀರುತ್ತಾರೆ, ಆಮೇಲೆ ಉಳಿಯುವುದಿಲ್ಲ. ಮೂರು ತಿಂಗಳವರೆಗೆ ಅಂಜಿಕೆ ಇದ್ದೇ ಇರುತ್ತದೆ ಎಂದು ಊರವರೆಲ್ಲ ಹೇಳುತ್ತಿದ್ದರು. ಆ ಮೂರು ತಿಂಗಳು ಗೋದಾವರಿ ತಂಬಿಗೆಗೆ ಕೈ ಹಾಕಿದಾಗಲೆಲ್ಲ ನಾನು ಏನಾದರೂ ನೆಪ ಮಾಡಿ ಅಂಗಳಕ್ಕೆ ಹೋಗಿಬಿಡುತ್ತಿದ್ದೆ. ನೋಡುವ ಎದೆ ನನಗಿರಲಿಲ್ಲ. ಅವಳಿಗೆ ಇದು ತಿಳಿದಿಲ್ಲ ಎಂದುಕೊಂಡಿದ್ದೆ.

ವೈಶಾಖದ ಒಂದು ಮಧ್ಯಾಹ್ನ, ಹೊರಗೆ ಬಿಸಿಲು ಧಗಧಗ. ಅವ್ವನಿಗೆ ಉಣಿಸಿ ಕೈ ತೊಳೆದು ಬಂದ ಗೋದಾವರಿ ಅಡಿಗೆಮನೆಯ ಬಾಗಿಲಿಗೆ ಅಡ್ಡ ನಿಂತಳು, ನಾನು ಹೊರಗೆ ಹೋಗದಂತೆ. ತಂಬಿಗೆ ಎತ್ತಿ, ತುಟಿಗೆ ತಾಗಿಸದೆ, ಮೇಲಿನಿಂದ ಗಟಗಟ ಸುರಿದುಕೊಂಡು ಪೂರಾ ಕುಡಿದಳು. ಇನ್ನೊಂದು ತಂಬಿಗೆ ತುಂಬಿ ಅದನ್ನೂ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ನನ್ನ ಕಡೆ ನೋಡಿದಳು.

"ಇವತ್ತಿಗೆ ಮೂರು ತಿಂಗಳ ಮ್ಯಾಲ ಒಂದು ದಿನ. ನಾನೂ ಎಣಿಸ್ಲಿಕತ್ತಿದ್ದೆ" ಎಂದಳು. "ಇನ್ನರೆ ಅಂಗಳಕ್ಕ ಓಡಿ ಹೋಗೂದು ಬಿಡ್ರಿ."

ನಾನು ಹೊಸ್ತಿಲ ಮೇಲೆ ಕೂತು ಮಗುವಿನಂತೆ ಅತ್ತೆ. ಅವಳೂ ಪಕ್ಕದಲ್ಲಿ ಕೂತಳು. ಹಣಮಪ್ಪಾ, ನಾನು ನಿನ್ನನ್ನು ಬೈದೆ, ನಿನ್ನ ಹೆಸರಿನಲ್ಲಿ ಮೂರ್ಖತನ ಮಾಡಿದೆ. ನೀನು ಸಿಟ್ಟಾಗಲಿಲ್ಲ, ಕೈ ಬಿಡಲಿಲ್ಲ. ನನ್ನ ಹೆಂಡತಿಯನ್ನು ನನಗೆ ಕೊಟ್ಟೆ. ಇನ್ನು ಮೇಲೆ ನಿನ್ನನ್ನು ಬೇರೇನೂ ಕೇಳುವುದಿಲ್ಲ ಎಂದು ಬರೆದರೆ ಸುಳ್ಳಾದೀತು, ಕೇಳುತ್ತಲೇ ಇರುತ್ತೇನೆ. ನೀನು ಕೊಡುತ್ತೀ ಎಂಬುದು ಮಾತ್ರ ನನಗೆ ಈಗ ಗೊತ್ತಿದೆ.